ಐದನೆಯ ಮುತ್ತೈದೆ

ಹೋದ ವರ್ಷ ವೈಶಾಖದ ಒಂದು ಗುರುವಾರ, ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ, ನಾನು ಲಕ್ಷ್ಮೇಶ್ವರದಲ್ಲಿ ನನ್ನ ಅಕ್ಕನ ಮನೆಯ ಮುಂದಿನ ಹಂದರದ ಕೆಳಗೆ ನಿಂತಿದ್ದೆ. ಪೂರ್ವಕ್ಕೆ ಓಣಿಯ ರಸ್ತೆ, ಪಶ್ಚಿಮಕ್ಕೆ ಅಕ್ಕನ ಮನೆಯ ತಲೆಬಾಗಿಲು, ಉತ್ತರಕ್ಕೆ ನೀರಿನ ಹಂಡೆ ಇಟ್ಟ ಒಲೆ, ದಕ್ಷಿಣಕ್ಕೆ ಪಕ್ಕದ ಮನೆಯವರ ಗೋಡೆ. ಇವುಗಳ ನಡುವೆ, ಮದುವೆಗೆ ಸುತ್ತಿದ ಸುರಗಿಯ ನೂಲಿನಿಂದ ಮೂರು ಮೊಳ ದೂರದಲ್ಲಿ ನನ್ನ ಕಾಲುಗಳಿದ್ದವು. ಶಿರಹಟ್ಟಿಯ ಕಚೇರಿಯ ಎದುರು ಕುಳಿತು ಇಪ್ಪತ್ತೆಂಟು ವರ್ಷ ಖರೀದಿಪತ್ರ, ಆಸ್ತಿ ಪಾಲಿನ ವಾಟಣಿಪತ್ರ ಬರೆದವನು ನಾನು. ಹೀಗೆ ನಾಲ್ಕು ದಿಕ್ಕಿನ ಚಕಬಂದಿ ಹೇಳದೆ ಮಾತು ಶುರು ಮಾಡಲು ನನಗೆ ಬರುವುದಿಲ್ಲ.

ಆ ದಿನದ ಸಂಗತಿಯನ್ನು ಆಮೇಲೆ ಓಣಿಯಲ್ಲಿ ನಾಲ್ಕಾರು ರೀತಿ ಹೇಳಿದರು. ಮದುಮಗಳು ಅತ್ತೆಯ ಕೈ ಹಿಡಿದು ಎಳೆದಳು ಎಂದರು. ಪರದೇಶದ ಹೆಂಗಸೊಬ್ಬಳು ಬಂದು ನಮ್ಮ ಪದ್ಧತಿ ಕೆಡಿಸಿದಳು ಎಂದರು. ಎರಡೂ ಸುಳ್ಳು. ಕೈಯನ್ನು ಯಾರೂ ಎಳೆಯಲಿಲ್ಲ. ಪದ್ಧತಿಯ ಪ್ರಕಾರ ನೋಡಿದರೆ ಆ ಪರದೇಶದ ಹೆಂಗಸಿನಲ್ಲಿ ಒಂದು ಕೂದಲೆಳೆಯಷ್ಟೂ ದೋಷ ಇರಲಿಲ್ಲ. ಅದೇ ನಾನು ಹೇಳಬೇಕಾದ ಸಂಗತಿ.

ಮದುಮಗಳು ನನ್ನ ಅಕ್ಕನ ಒಬ್ಬಳೇ ಮಗಳು, ಸೋದರಮಾವನಾದ ನನಗೆ ಸೊಸೆ. ನರ್ಸಿಂಗ್ ಕಲಿತವಳು. ಇಪ್ಪತ್ತೆರಡನೆಯ ವಯಸ್ಸಿಗೆ ಅವಳನ್ನು ಮುಂಡರಗಿಗೆ ಕೊಟ್ಟೆವು. ಕೊಟ್ಟೆವು ಎನ್ನುವುದು ಸರಿಯಲ್ಲ, ನಾನು ಕೊಟ್ಟೆ. ಭಾವ ಅಷ್ಟರಲ್ಲಿ ತೀರಿಹೋಗಿದ್ದರು, ಮುಂದೆ ನಿಂತವನು ನಾನೇ. ಹದಿನೆಂಟು ತಿಂಗಳಿಗೆ ಅವಳು ಒಂದು ಚೀಲ ಹಿಡಿದು ತವರಿಗೆ ಬಂದಳು. ಎಡಗಿವಿ ಕೇಳಿಸುತ್ತಿರಲಿಲ್ಲ. ಏನಾಯಿತು ಎಂದು ಕೇಳಿದೆ. "ಕೈ ಬಿತ್ತು ಮಾಮಾ" ಎಂದಳು. ಯಾರ ಕೈ ಎಂದು ಕೇಳುವ ಅಗತ್ಯ ಇರಲಿಲ್ಲ. ಗದಗಿನ ಕೋರ್ಟಿನಲ್ಲಿ ಮೂರು ವರ್ಷ ಓಡಾಡಿದ ಮೇಲೆ ಗಂಡನಿಂದ ಬಿಡುಗಡೆಯಾಯಿತು. ನಮ್ಮ ಕಡೆ ಅದನ್ನು ಇನ್ನೂ ಸೋಡಚೀಟಿ ಎಂದೇ ಕರೆಯುತ್ತಾರೆ. ಆ ಕಾಗದ ಕೈಗೆ ಬಂದ ಮೇಲೆ ಅವಳು ಮಸ್ಕತ್ತಿನ ಆಸ್ಪತ್ರೆಯೊಂದಕ್ಕೆ ಕೆಲಸಕ್ಕೆ ಹೋದಳು.

ವಾರಕ್ಕೊಮ್ಮೆ ಫೋನು ಮಾಡುತ್ತಿದ್ದಳು. ನಾನು ಕೇಳುತ್ತಿದ್ದುದು ಒಂದೇ ಮಾತು: ಸೋಡಚೀಟಿ ಆದ ಹೆಂಗಸು ಒಬ್ಬಳೇ ಇದ್ದರೆ ಅಲ್ಲಿಯ ಜನ ಏನಂತಾರೆ?

"ಯಾವ ಜನ ಮಾಮಾ? ನಮ್ಮ ವಾರ್ಡಿನಾಗ ಏಳು ದೇಶದ ಮಂದಿ ಅದಾರ. ಏಳು ಮಂದಿ ಏಳು ನಮೂನಿ ಅಂತಾರ."

ಅವಳ ಮೇಲಿನ ದೊಡ್ಡ ನರ್ಸು ಆ ದೇಶದವಳೇ. ಇಬ್ಬರು ಗಂಡಂದಿರನ್ನು ಬಿಟ್ಟು ಮೂರನೆಯವನನ್ನು ಮದುವೆಯಾದವಳು. ಮದುವೆಯ ಮರುದಿನ ಇಡೀ ವಾರ್ಡಿಗೆ ಬಿರಿಯಾನಿ ತರಿಸಿದಳಂತೆ. "ಮೊದಲನೇ ಗಂಡ, ಎರಡನೇ ಗಂಡ ಅಂತ ಅಕಿ ತಾನ ಹೇಳ್ತಾಳ ಮಾಮಾ, ಮೊದಲನೇ ಸಾಲಿ, ಎರಡನೇ ಸಾಲಿ ಅಂದಂಗ. ಎಲ್ಲಾರೂ ಮುಬಾರಕ್ ಅಂದ್ರು." ಹಾಗಾದರೆ ಬಹಳ ಸಡಿಲು ಜನ ಎಂದು ನಾನು ಅಂದೆ. ಸೊಸೆ ನಕ್ಕಳು. ಮದುವೆಯಾಗದ ಗಂಡು ಹೆಣ್ಣು ಒಂದು ಮನೆ ಮಾಡಿದರೆ ಅದೇ ದೊಡ್ಡ ನರ್ಸು ಮುಖ ತಿರುಗಿಸುತ್ತಾಳಂತೆ, ಅಲ್ಲಿ ಅದು ಪೊಲೀಸ್ ಕೇಸಂತೆ.

ಇನ್ನೊಬ್ಬಳು ಫಿಲಿಪ್ಪೀನ್ಸಿನವಳು, ಸೊಸೆಯ ಕೋಣೆಯ ಗೆಳತಿ. ಅವಳದ್ದು ಪೂರ್ತಿ ತಿರುಗಾಮುರುಗಾ. ಅವಳ ಗಂಡ ಹನ್ನೊಂದು ವರ್ಷದ ಹಿಂದೆ ಬೇರೆ ದ್ವೀಪಕ್ಕೆ ಹೋದವನು ತಿರುಗಿ ಬಂದಿಲ್ಲ. ಆದರೆ ಅವಳ ದೇಶದಲ್ಲಿ, ಅವಳ ಮತದವರಿಗೆ, ಗಂಡನನ್ನು ಬಿಡಲು ಕಾನೂನೇ ಇಲ್ಲ. ಊರಿನಲ್ಲಿ ಅವಳಿಗೆ ಇನ್ನೊಬ್ಬ ಸಂಗಾತಿ ಇದ್ದಾನೆ, ಅವನಿಂದ ಒಂದು ಹೆಣ್ಣುಮಗು ಇದೆ. ನೆರೆಯವರು ಮಗುವಿನ ಹುಟ್ಟುಹಬ್ಬಕ್ಕೆ ಬರುತ್ತಾರೆ, ಉಂಡು ಹೋಗುತ್ತಾರೆ, ಯಾರೂ ಏನೂ ಅನ್ನುವುದಿಲ್ಲ. ತನಗೆ ಕೋರ್ಟಿನಲ್ಲಿ ಬಿಡುಗಡೆಯಾಗಿದೆ ಎಂದು ಸೊಸೆ ಹೇಳಿದಾಗ ಅವಳು ಅತ್ತುಬಿಟ್ಟಳಂತೆ.

"ಪಾಪ ಅಂತ ಅತ್ತಳೇನು?" ಎಂದೆ.

"ಪಾಪ ಅಂತ ಅಲ್ಲ ಮಾಮಾ. ನೀ ಎಷ್ಟ ಪುಣ್ಯಾ ಮಾಡಿದ್ದಿ ಅಂತ ಅತ್ತಳು. ಪುಣ್ಯಾ! ನಂಗ! ನಮ್ಮ ಓಣ್ಯಾಗ ಒಬ್ಬರರೆ ಹಂಗ ಅಂದಾರೇನು?"

ಒಬ್ಬರೂ ಅಂದಿರಲಿಲ್ಲ. ನಾನೂ ಅಂದಿರಲಿಲ್ಲ.

ಎರಡು ವರ್ಷದ ಹಿಂದೆ ಅವಳು ಮದುವೆಯ ಮಾತು ಎತ್ತಿದಳು. ಹುಡುಗ ನಮ್ಮ ಅಡರಕಟ್ಟಿಯವನು, ಅದೇ ಆಸ್ಪತ್ರೆಯ ಆಂಬುಲೆನ್ಸ್ ಚಾಲಕ. ಸ್ಟ್ರೆಚರ್ ಇಳಿಸುವಾಗ ಕನ್ನಡವೇ ಬಾರದ ಜೊತೆಗಾರನಿಗೆ "ಸಾವಕಾಶ ಹಿಡೀಲೇ, ಮನಷ್ಯಾ ಅದಾನ, ಜ್ವಾಳದ ಚೀಲಲ್ಲ" ಎಂದು ಬೈದದ್ದು ಕೇಳಿ ಇವಳು ತಿರುಗಿ ನೋಡಿದಳಂತೆ. ಅವನಿಗೆ ಮೊದಲ ಮದುವೆ. ತಾಯಿಯೊಬ್ಬಳೇ ಊರಲ್ಲಿ ಹೊಲ ನೋಡಿಕೊಂಡಿದ್ದಾಳೆ. ಆಕೆ ಮೂರು ತಿಂಗಳು ಬೇಡ ಎಂದಳು, ನಾಲ್ಕನೆಯ ತಿಂಗಳು ಆಗಲಿ ಎಂದಳು.

ಲಗ್ನ ಕೂಡಿಬಂದರೆ ನಮ್ಮಲ್ಲಿ ಯಾದಿ ಬರೆಯುತ್ತಾರೆ. ಲಗ್ನ ಯಾವತ್ತು, ಎಲ್ಲಿ, ಯಾರು ಯಾರಿಗೆ ಯಾವ ಸೀರೆ, ಯಾವ ಪಂಚೆ ಎಂದು ಎರಡೂ ಕಡೆಯ ಹಿರಿಯರ ಎದುರು ಬರೆದ ಪಟ್ಟಿ ಅದು. ಬರೆಯುವವನು ನಾನಲ್ಲದೆ ಇನ್ನಾರು? ಅಕ್ಕನ ಮನೆಯ ಪಡಸಾಲೆಯಲ್ಲಿ ಕುಳಿತೆ. ಮೇಲೆ 'ಶುಭ ಲಗ್ನದ ಯಾದಿ' ಎಂದು ಬರೆಯುವುದು ರೂಢಿ. ನನ್ನ ಪೆನ್ನು ನಿಂತಿತು. ಕಾಗದದಲ್ಲಿ ಇದ್ದದ್ದನ್ನು ಇದ್ದ ಹಾಗೆ ಬರೆಯಬೇಕು ಎನ್ನುವುದು ನನ್ನ ಕೈಗೆ ಹತ್ತಿದ ಚಟ. 'ಉಡಿಕೆ ಲಗ್ನದ ಯಾದಿ' ಎಂದು ಬರೆದೆ.

ಗಂಡ ಸತ್ತ ಅಥವಾ ಗಂಡನನ್ನು ಬಿಟ್ಟ ಹೆಂಗಸಿಗೆ ಇನ್ನೊಬ್ಬನು ಸೀರೆ ಉಡಿಸಿ ಮನೆಗೆ ಕರೆದುಕೊಳ್ಳುವುದೇ ಉಡಿಕೆ. ನಮ್ಮ ಕಡೆ ಎಷ್ಟೋ ಮನೆತನಗಳಲ್ಲಿ ಅದು ಇತ್ತು. ನಾವು ಆಯಿ ಎಂದು ಕರೆಯುತ್ತಿದ್ದ ನನ್ನ ಅಜ್ಜಿಯೇ ಶಿಗ್ಲಿಯಿಂದ ಉಡಿಕೆಯಾಗಿ ಬಂದವಳು. ನನಗೆ ಅದರ ಬಗ್ಗೆ ಹೆಮ್ಮೆ ಇತ್ತು. ಕಚೇರಿಯ ಎದುರು ಚಹಾ ಕುಡಿಯುವಾಗ ಯಾರಾದರೂ "ಬಿಡೂದು, ಮತ್ತೊಂದು ಮಾಡ್ಕೊಳ್ಳೂದು, ಎಲ್ಲಾ ಫಾರಿನ್ ಚಾಳಿ" ಎಂದರೆ ನಾನು ಸುಮ್ಮನಿರುತ್ತಿರಲಿಲ್ಲ. "ಫಾರಿನ್ ಅಂದ್ರ ಶಿಗ್ಲಿನೇನ್ರಿ? ನಮ್ಮ ಆಯಿ ಯಾವ ಇಮಾನಾ ಹತ್ತಿದ್ಲು?" ಎಂದು ಕೇಳುತ್ತಿದ್ದೆ. ಮಂದಿ ನಗುತ್ತಿದ್ದರು. ನಾನು ಗೆದ್ದೆ ಎಂದುಕೊಳ್ಳುತ್ತಿದ್ದೆ. ಯಾದಿಯಲ್ಲಿಯೂ ಅದೇ ಹೆಮ್ಮೆಯಿಂದಲೇ ಆ ಮಾತು ಬರೆದೆ.

ಯಾರೋ ಅದರ ಫೋಟೋ ತೆಗೆದು ಕಳಿಸಿದರು. ಸಂಜೆಗೆ ಮಸ್ಕತ್ತಿನಿಂದ ಫೋನು ಬಂತು.

"ಮಾಮಾ, ಇದೇನ ಬರದೀರಿ?"

"ಇದ್ದದ್ದ ಬರದೇನವಾ. ನಮ್ಮ ಹಿರ್ಯಾರ ಮಾತದು. ಅದರಾಗ ತಪ್ಪೇನಿಲ್ಲ."

"ನಿಮ್ಮ ಆಯಿ ಉಡಿಕಿ ಆದಾಗ ಸುರಗಿ ಸುತ್ತಿದ್ರೇನು?"

"ಇಲ್ಲ."

"ಹಂದರಾ ಹಾಕಿದ್ರೇನು?"

"ಇಲ್ಲ."

"ಹಗಲಿತ್ತೋ ಕತ್ತಲಿತ್ತೋ?"

"ಅಲ್ಲಿ ಊಟಾ ಆತೇನವಾ?" ಎಂದೆ.

"ಕೇಳಿದ್ದಕ್ಕ ಉತ್ತರಾ ಕೊಡ್ರಿ. ನೀವು ಕಾಗದಾ ಬರಿಯೋರು."

"ಕತ್ತಲಿತ್ತವಾ."

ದೀಪ ಹಚ್ಚದ ಕೋಣೆಯಲ್ಲಿ ಸೀರೆ ಕೊಟ್ಟರು, ಮುತ್ತೈದೆಯರು ಆ ಕಡೆ ಸುಳಿಯಲಿಲ್ಲ, ಮಾರನೆಯ ದಿನ ಮಧ್ಯಾಹ್ನದವರೆಗೆ ಆಯಿಯ ಮುಖವನ್ನು ಯಾರೂ ನೋಡಲಿಲ್ಲ. ಇದನ್ನೆಲ್ಲ ನಮ್ಮ ಅವ್ವ ಹೇಳಿದ್ದಳು, ನಾನು ಚಹಾದಂಗಡಿಯಲ್ಲಿ ಹೇಳುತ್ತಿರಲಿಲ್ಲ. ಇನ್ನೊಂದನ್ನು ನಾನೇ ಕಣ್ಣಾರೆ ನೋಡಿದ್ದೆ. ಮನೆಯಲ್ಲಿ ಯಾವ ಕಾರ್ಯವಾದರೂ ಆರತಿಯ ತಾಟನ್ನು ಆಯಿಯೇ ಹಸನು ಮಾಡುತ್ತಿದ್ದಳು. ಬತ್ತಿ ಹೊಸೆಯುತ್ತಿದ್ದಳು, ಅರಿಶಿನ ಕಲಸುತ್ತಿದ್ದಳು, ಎಲ್ಲ ಇಟ್ಟು ಅಡಿಗೆಮನೆಯ ಹೊಸ್ತಿಲ ಮೇಲೆ ತಾಟನ್ನು ಇನ್ನೊಬ್ಬಳ ಕೈಗೆ ಕೊಡುತ್ತಿದ್ದಳು. ನಲವತ್ತು ವರ್ಷ ಆ ಮನೆಯಲ್ಲಿ ಬಾಳಿ, ಆರು ಮಕ್ಕಳನ್ನು ಹೆತ್ತು, ಒಂದು ದಿನವೂ ಅವಳು ಆರತಿ ಎತ್ತಲಿಲ್ಲ. ಉಡಿಕೆ ಅವಳಿಗೆ ಮನೆ ಕೊಟ್ಟಿತು, ಹೊಸ್ತಿಲು ದಾಟಗೊಡಲಿಲ್ಲ. ಅರ್ಧವನ್ನು ಮಾತ್ರ ಹೇಳಿ ನಾನು ಗೆಲ್ಲುತ್ತಿದ್ದೆ.

"ನನಗ ಮದಿವಿ ಬೇಕು ಮಾಮಾ" ಎಂದಳು ಸೊಸೆ. "ಹಗಲಾಗ, ಹಂದರದಾಗ, ಸುರಗಿ ಸುತ್ತಿ. ನಾ ಕಳವು ಮಾಡಿಲ್ಲ. ಹಂಗ ಆಗೂದಿಲ್ಲಂದ್ರ ಹೇಳಿಬಿಡ್ರಿ, ಇಬ್ಬರೂ ಇಲ್ಲೇ ಸಹಿ ಮಾಡ್ತೇವಿ. ಮತ್ತ ಆ ಓಣ್ಯಾಗ ನಾ ಕಾಲ ಇಡೂದಿಲ್ಲ. ಅವ್ವನ್ನ ಬೇಕಂದ್ರ ನಾ ಇಲ್ಲಿಗೆ ಕರಸ್ಕೋತೀನಿ."

ಅವಳು ಆಡಿದ್ದನ್ನು ಮಾಡುವವಳು. ಅಕ್ಕ ಬಸ್ಸಿನಲ್ಲಿ ಗದಗಿಗೆ ಹೋಗಿ ಬರಲೂ ಹೆದರುವವಳು. ಮದುವೆ ಸರಿಯಾಗಿ ನಡೆಯದಿದ್ದರೆ ಅಕ್ಕನಿಗೆ ಮಗಳು ಫೋನಿನಲ್ಲಿ ಮಾತ್ರ ಉಳಿಯುತ್ತಾಳೆ ಎನ್ನುವುದು ನನಗೆ ಸ್ಪಷ್ಟವಾಗಿತ್ತು. ಆ ಯಾದಿ ಹರಿದೆ, ಬೇರೆ ಬರೆದೆ, ಎರಡೂ ಕಡೆಯವರ ಸಹಿ ಮತ್ತೆ ಹಾಕಿಸಿದೆ. ಆದರೆ ಹರಿದದ್ದು ಕಾಗದ ಮಾತ್ರ. ಫೋಟೋ ಓಣಿಯ ಮೊಬೈಲುಗಳಲ್ಲಿ ಹಾಗೆಯೇ ಇತ್ತು.

ಮದುವೆಗೆ ಸೊಸೆಯ ಜೊತೆ ಫಿಲಿಪ್ಪೀನ್ಸಿನ ಗೆಳತಿಯೂ ಬಂದಳು. ಕುಳ್ಳಗಿನ, ನಗುಮುಖದ, ನಲವತ್ತರ ಹೆಂಗಸು. ಬಂದ ದಿನವೇ ರೊಟ್ಟಿ ಬಡಿಯಲು ಕುಳಿತು ನನ್ನ ಹೆಂಡತಿಯನ್ನು ಹೊಟ್ಟೆ ಹುಣ್ಣಾಗುವಂತೆ ನಗಿಸಿದಳು.

ಆ ಗುರುವಾರ ಹಂದರದಲ್ಲಿ ನಾಲ್ಕು ಮೂಲೆಗೆ ನಾಲ್ಕು ತಾಮ್ರದ ಕೊಡ ಇಟ್ಟು ಹಸಿ ನೂಲು ಸುತ್ತಿದ್ದರು. ಅದೇ ಸುರಗಿ. ಒಳಗೆ ಮದುಮಕ್ಕಳು ಕೂಡಬೇಕು, ಐದು ಮಂದಿ ಮುತ್ತೈದೆಯರು ಅರಿಶಿನ ಹಚ್ಚಿ ನೀರು ಹಾಕಬೇಕು. ಐವರಿಗೆ ಹೇಳಿದ್ದೆವು. ನಾಲ್ವರು ಬಂದಿದ್ದರು: ನನ್ನ ಹೆಂಡತಿ, ಅವಳ ಇಬ್ಬರು ತಂಗಿಯರು, ಎದುರು ಮನೆಯ ನೇಕಾರರ ಹೆಂಗಸು. ಐದನೆಯವಳು ಎರಡು ಮನೆ ಆಚೆಯವಳು. ಕರೆಯಲು ಹೋದ ನನ್ನ ಹೆಂಡತಿ ಒಬ್ಬಳೇ ತಿರುಗಿ ಬಂದು ನನ್ನ ಹತ್ತಿರ ನಿಂತಳು.

"ಬರಂಗಿಲ್ಲಂತ. ಉಡಿಕಿ ಕಾರ್ಯೇಕ್ಕ ಮುತ್ತೈದೇರು ನೀರ ಹಾಕಬಾರದಂತ. ಉಡಿಕಿ ಅಂತ ನಿಮ್ಮ ಯಜಮಾನ್ರ ಬರದಾರಲ್ಲ ಅಂದ್ಲು."

ಐದನೆಯವಳಾಗಿ ಇನ್ನಾರನ್ನು ಕರೆಯಬಹುದು ಎಂದು ಓಣಿಯ ಎರಡೂ ಕಡೆ ನೋಡಿದೆ.

ಮದುಮಗನ ತಾಯಿ, ಅಂದರೆ ನಮ್ಮ ಬೀಗತಿ, ದಕ್ಷಿಣದ ಗೋಡೆಗೆ ಆತು ನಿಂತಿದ್ದಳು. ಆಕೆಗೂ ಈ ಮಾತು ಕೇಳಿಸಿತ್ತು. "ಐದ ಆಗದ ನೀರ ಹಾಕೂದು ಬ್ಯಾಡ ಬೀಗ್ರ" ಎಂದಳು. "ನಾಕ ಮಂದಿ ಕೂಡೂದು ಯಾವುದಕ್ಕಂತ ನಿಮಗ ನಾ ಹೇಳಬೇಕೇನು? ಸುರಗಿ ಬಿಡ್ರಿ. ಗುಡಿಯಾಗ ತಾಳಿ ಕಟ್ಟಿಸಿ ಮುಗಸೂಣು. ಯಾರಿಗೂ ತೋರಸೂದು ಬ್ಯಾಡ."

ಯಾರಿಗೂ ತೋರಿಸುವುದು ಬೇಡ. ಮತ್ತೆ ಅದೇ ದೀಪವಿಲ್ಲದ ಕೋಣೆ. ನೂಲಿನ ಒಳಗೆ ಮಣೆಯ ಮೇಲೆ ಕುಳಿತಿದ್ದ ಸೊಸೆ ಬಲಗಿವಿಯನ್ನು ಈ ಕಡೆ ತಿರುಗಿಸಿ ಎಲ್ಲವನ್ನೂ ಕೇಳುತ್ತಿದ್ದಳು. ಅವಳು ಏಳಲಿಲ್ಲ.

ಹಂದರದವನು ಇನ್ನೂ ಏಣಿಯ ಮೇಲೆ ಸಡಿಲಾದ ಬಟ್ಟೆ ಬಿಗಿಯುತ್ತಿದ್ದ. ಅಕ್ಕನ ಮನೆಯ ಮೂರು ಕಾರ್ಯಕ್ಕೆ ಹಂದರ ಹಾಕಿದ ಸಾಬರು. "ಬೀಗತೇರ, ನಮ್ಮ ಮನ್ಯಾಕಿನ್ನ ಕರೀಲೇನ್ರಿ?" ಎಂದ. "ಗಂಡ ಗಟ್ಟ್ಯಾಗಿ ಅದಾನ. ಖರೆ, ಏಣಿ ಮ್ಯಾಲ ಅದಾನ."

ಹೆಂಗಸರು ನಕ್ಕರು. "ನೀ ಸುಮ್ಮನ ಹಗ್ಗಾ ಕಟ್ಟೋ ಮಾರಾಯಾ" ಎಂದಳು ಬೀಗತಿ. ಆದರೆ ಆಕೆಯ ಕಣ್ಣು ಅಷ್ಟರಲ್ಲಿ ಬಾಗಿಲ ಕಡೆ ಹೋಗಿತ್ತು. ನನ್ನ ಹೆಂಡತಿ ಉಡಿಸಿದ ಇಳಕಲ್ ಸೀರೆಯಲ್ಲಿ, ನಿರಿಗೆ ಎಡವುತ್ತ, ಪರದೇಶದ ಗೆಳತಿ ಹೊರಗೆ ಬಂದಿದ್ದಳು.

"ಈಕಿಗೆ ಲಗ್ನಾ ಆಗೇತೇನು?" ಬೀಗತಿ ಕೇಳಿದಳು.

"ಆಗೇತ್ರಿ" ಎಂದಳು ಸೊಸೆ, ಕುಳಿತಲ್ಲಿಂದಲೇ.

"ಗಂಡ ಅದಾನ?"

"ಅದಾನ್ರಿ, ಅವರ ದೇಶದಾಗ."

"ಮತ್ತ ಸೋಡಚೀಟಿ ಗೀಡಚೀಟಿ?"

"ಅವರ ದೇಶದಾಗ ಸೋಡಚೀಟಿ ಅನ್ನೂದ ಇಲ್ರಿ. ಕಾಯಿದೇನ ಇಲ್ಲ. ಒಮ್ಮೆ ಲಗ್ನಾ ಆದ್ರ ಸಾಯೋತನಕಾ ಅಷ್ಟ."

"ನೋಡ್ರಿ!" ಬೀಗತಿ ಗೋಡೆ ಬಿಟ್ಟು ನೆಟ್ಟಗೆ ನಿಂತಳು. "ದೇಶ ಅಂದ್ರ ಅದು! ಮುತ್ತೈದಿ ಆದ್ಲಲ್ಲ. ಕುಂಕುಮಾ ಹಚ್ಚರಿ, ತಂಬಿಗಿ ಕೊಡ್ರಿ ಅಕಿ ಕೈಯಾಗ. ಐದಾತು."

ನನಗೆ ಪೂರ್ತಿ ಗೊತ್ತಿತ್ತು. ಹನ್ನೊಂದು ವರ್ಷದ ಸಂಗತಿ, ಊರಿನ ಸಂಗಾತಿ, ಮಗು, ಎಲ್ಲ. ಬಾಯಿ ತೆರೆದು ಹೇಳಬಹುದಿತ್ತು. ಒಬ್ಬರಿಗೂ ಅರ್ಧ ಸಂಗತಿಯ ಕಾಗದ ಬರೆದುಕೊಡದ ನಾನು ಆ ಹೊತ್ತು ಸುಮ್ಮನೆ ನಿಂತೆ. ಅವಳ ದೇಶದ ನೆರೆಯವರು ತಪ್ಪು ಎನ್ನದ್ದನ್ನು ನಾನು ಇಲ್ಲಿ ಯಾಕೆ ಎತ್ತಲಿ? ಕೇಳಿದ ಪ್ರಶ್ನೆಗಳಿಗೆಲ್ಲ ಕೊಟ್ಟ ಉತ್ತರ ನಿಜವೇ ಆಗಿತ್ತು. ಪದ್ಧತಿ ಕೇಳುವುದೇ ಅಷ್ಟು ಪ್ರಶ್ನೆಗಳಾದರೆ ಅದು ಪದ್ಧತಿಯ ಪಾಡು.

ಗೆಳತಿಯ ಹಣೆಗೆ ಕುಂಕುಮ ಹಚ್ಚಿದರು. ಅವಳು ತಂಬಿಗೆ ಹಿಡಿದು, ಎಲ್ಲಿ ಸುರಿಯಬೇಕು ಎಂದು ಸನ್ನೆಯಲ್ಲಿ ಕೇಳಿದಳು. ಆಗ ಸೊಸೆ ಕೈ ಎತ್ತಿ ತಡೆದಳು.

"ಅತ್ತೇರ, ಒಂದು ಮಾತ ಕೇಳ್ತೀನಿ. ಸಿಟ್ಟಾಗಬ್ಯಾಡ್ರಿ. ಈಕಿ ನನ್ನ ಜೀವದ ಗೆಳತಿ, ನೀರ ಹಾಕೇ ಹಾಕ್ತಾಳ. ಆದ್ರ ಈಕಿ ಗಂಡನ ಮಾರಿ ನೋಡಿ ಹನ್ನೊಂದು ವರ್ಷಾತು. ಬಿಡಾಕ ಕಾಯಿದೆ ಇಲ್ಲ, ಅದಕ್ಕ ಮುತ್ತೈದಿ. ನಮ್ಮವ್ವ ಹಾಸಿಗಿ ಹಿಡದ ನಮ್ಮಪ್ಪನ್ನ ಎರಡು ವರ್ಷ ಉಣಿಸಿ, ತೊಳದು, ಕಡೀತನಕಾ ಬಿಡಲಿಲ್ಲ. ಅಕಿ ಮಗಳ ಮದಿವ್ಯಾಗ ಅಡಿಗಿ ಮನ್ಯಾಗ ಕುಂತಾಳ. ಇದ್ಯಾವ ನ್ಯಾಯಾರಿ?"

ಬೀಗತಿ ತಡಮಾಡದೆ ಉತ್ತರ ಕೊಟ್ಟಳು. "ನ್ಯಾಯಾ ನಾ ಮಾಡಿದ್ದಲ್ಲವಾ. ನಾನೂ ಗ್ವಾಡಿಗೆ ಹತ್ತಿ ನಿಂತೇನಿ, ಕಾಣವಲ್ದೇನು? ಅಲ್ಲಿ ಕುಂತಾಂವ ನನ್ನ ಹೊಟ್ಟ್ಯಾಗ ಹುಟ್ಟಿದಾಂವ."

ಆಗ ನಾನು ಆಕೆಯನ್ನು ಸರಿಯಾಗಿ ನೋಡಿದೆ. ಗಂಡನನ್ನು ಕಳೆದುಕೊಂಡವಳು. ಬೆಳಗಿನಿಂದ ಒಮ್ಮೆಯೂ ಮಗನ ಹತ್ತಿರ ಬಂದಿರಲಿಲ್ಲ. ಅವನ ಮೈಗೆ ಅರಿಶಿನ ಹಚ್ಚುವಾಗ ಮುಖ ರಸ್ತೆಯ ಕಡೆ ಮಾಡಿದ್ದಳು. ಅದನ್ನು ನಾನು ಬಿಗುಮಾನ ಎಂದುಕೊಂಡಿದ್ದೆ.

"ಕಂಡೈತ್ರಿ ಅತ್ತೇರ. ಅದಕ್ಕ ಕೇಳಾಕತ್ತೇನಿ" ಎಂದಳು ಸೊಸೆ. ಆಮೇಲೆ ಬಾಗಿಲ ಕಡೆ ತಿರುಗಿ ಜೋರಾಗಿ ಕೂಗಿದಳು. "ಅವ್ವಾ, ಹೊರಗ ಬಾ."

ಅಕ್ಕ ಹೊಸ್ತಿಲಿಗೆ ಬಂದಳು. ಕೈಗೆ ಹೋಳಿಗೆಯ ಕಣಕ ಮೆತ್ತಿತ್ತು. "ಬ್ಯಾಡವಾ" ಎಂದಳು. "ನನ್ನ ಕೈ ಹತ್ತಿದ್ರ ನಿನಗ ಒಳ್ಳೇದಾಗೂದಿಲ್ಲ."

"ಹ್ವಾದ ಸಲ ಐದೂ ಮಂದಿ ಮುತ್ತೈದೇರ ಹಾಕಿದ್ರಲ್ಲವಾ ನೀರ. ಏನ ಒಳ್ಳೇದಾತು ಹೇಳು?"

ರಸ್ತೆಯಲ್ಲಿ ನಿಂತು ನೋಡುತ್ತಿದ್ದವರು ಇನ್ನಷ್ಟು ಹತ್ತಿರ ಬಂದರು. ಅಕ್ಕ ನನ್ನ ಮುಖ ನೋಡಿದಳು. ಭಾವ ಇಲ್ಲದ ಮನೆಯಲ್ಲಿ ಹೂಂ, ಉಹೂಂ ಎನ್ನಬೇಕಾದವನು ನಾನು. ಮುಂಡರಗಿಗೆ ಕೊಡುವಾಗಲೂ ಹೂಂ ಎಂದವನು ನಾನೇ.

ನಾನು ಮಾಡಿದ್ದು ಇಷ್ಟು. ಮೂರು ಹೆಜ್ಜೆ ಇಟ್ಟು ಸುರಗಿಯ ಹತ್ತಿರ ಹೋದೆ. ನೂಲು ಮೊಳಕಾಲ ಎತ್ತರಕ್ಕಿತ್ತು. ಅದು ಹರಿಯದ ಹಾಗೆ ಎರಡು ಬೆರಳಿನಿಂದ ಎತ್ತಿ ಹಿಡಿದೆ. "ಬಾ ಅಕ್ಕಾ" ಎಂದೆ.

ಅಕ್ಕ ಬಗ್ಗಿ ಒಳಗೆ ಹೋದಳು. ಗೆಳತಿ ತನ್ನ ಕೈಯಲ್ಲಿದ್ದ ತಂಬಿಗೆಯನ್ನು ಅವಳಿಗೆ ಕೊಟ್ಟಳು. ಯಾರೂ ಹೇಳಿಕೊಟ್ಟಿರಲಿಲ್ಲ. ಅಕ್ಕ ಮಗಳ ತಲೆಯ ಮೇಲೆ ನೀರು ಸುರಿದಳು. ಮೊದಲು ಸ್ವಲ್ಪ, ಆಮೇಲೆ ಪೂರ್ತಿ. ಕಣಕ ಮೆತ್ತಿದ ಕೈಯಿಂದಲೇ ಅವಳ ಕೆನ್ನೆ ಸವರಿದಳು. ಆಮೇಲೆ ಐವರೂ ಹಾಕಿದರು. ನನ್ನ ಹೆಂಡತಿಯ ತಂಗಿಯರು ಒಮ್ಮೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು, ಆದರೂ ಹಾಕಿದರು.

ಸೊಸೆ ಇನ್ನೊಂದು ತಂಬಿಗೆ ತುಂಬಿಸಿ ಬೀಗತಿಯ ಕಡೆ ಚಾಚಿ ಹಿಡಿದಳು. ಬೀಗತಿ ಅಲುಗಲಿಲ್ಲ. ಎಷ್ಟು ಹೊತ್ತು ಎಂದು ನಾನು ನಿಖರವಾಗಿ ಹೇಳಲಾರೆ; ಹಂದರದವನು ಏಣಿಯಿಂದ ಪೂರ್ತಿ ಕೆಳಗಿಳಿದು ನಿಲ್ಲುವಷ್ಟು ಹೊತ್ತು.

"ಅವ್ವಾ" ಎಂದ ಮದುಮಗ, ಮುಖದ ಮೇಲಿನ ನೀರು ಒರೆಸಿಕೊಳ್ಳುತ್ತ. "ನೀರ ಆರಾಕತ್ತಾವ."

ಬೀಗತಿ ಗೋಡೆ ಬಿಟ್ಟಳು. ರಸ್ತೆಯಲ್ಲಿ ನಿಂತವರನ್ನು ಒಮ್ಮೆ ನೋಡಿದಳು, ತಲೆಯ ಮೇಲಿನ ಸೆರಗು ಸರಿಮಾಡಿಕೊಂಡಳು, ನೂಲಿನ ಹೊರಗೇ ನಿಂತು ತಂಬಿಗೆ ಇಸಿದುಕೊಂಡಳು. ಬೆರಳು ಅದ್ದಿ ನೀರು ಎಷ್ಟು ಬಿಸಿ ಇದೆ ಎಂದು ನೋಡಿದಳು. ಆಮೇಲೆ ಮಗನ ಹೆಗಲ ಮೇಲೆ ಹಾಕಿದಳು. ಸೊಸೆಗೆ ಒಂದು ಹನಿಯೂ ಹಾಕಲಿಲ್ಲ.

"ನನ್ನ ಮಗಗಷ್ಟ ಹಾಕೇನಿ" ಎಂದಳು.

"ಅಷ್ಟ ಸಾಕ್ರಿ" ಎಂದಳು ಸೊಸೆ.

ಮಧ್ಯಾಹ್ನ ಹನ್ನೆರಡೂವರೆಗೆ, ಬಿಸಿಲಿನಲ್ಲಿ, ಬಾಸಿಂಗ ಕಟ್ಟಿ ತಾಳಿ ಕಟ್ಟಿದರು. ಮ್ಯಾಳದವರು ಓಣಿಯ ಕೊನೆಯವರೆಗೆ ಕೇಳುವಂತೆ ಬಾರಿಸಿದರು.

ಆಮೇಲೆ ಮೂರು ಮನೆಯವರು ನನ್ನ ಹೆಂಡತಿಯನ್ನು ಅರಿಶಿನ ಕುಂಕುಮಕ್ಕೆ ಕರೆಯುವುದು ಬಿಟ್ಟಿದ್ದಾರೆ. ಬಿಡಲಿ. ಮದುಮಕ್ಕಳಿಗೆ ಏನಾದರೂ ಕೆಡುಕಾಯಿತೇ ಎಂದು ಕೇಳಲು ಈಗಲೂ ಕೆಲವರು ಶಿರಹಟ್ಟಿಗೆ ಬಂದು ನನ್ನ ಎದುರು ಕುಳಿತುಕೊಳ್ಳುತ್ತಾರೆ. ಆಗಿಲ್ಲ ಎನ್ನುತ್ತೇನೆ. ಒಂದು ವೇಳೆ ನಾಳೆ ಆದರೂ ಅದಕ್ಕೆ ಅಕ್ಕನ ಕೈ ಕಾರಣ ಎಂದು ನಾನು ಒಪ್ಪುವುದಿಲ್ಲ ಎಂದೂ ಹೇಳುತ್ತೇನೆ. ಮಸ್ಕತ್ತಿನಲ್ಲಿ ಮುಬಾರಕ್ ಆಗುವುದು ನಮ್ಮ ಓಣಿಯಲ್ಲಿ ಮುಚ್ಚಿಡುವ ಮಾತಾಗುತ್ತದೆ, ನಾವು ಕೋರ್ಟಿನಲ್ಲಿ ಪಡೆಯುವುದು ಇನ್ನೊಂದು ದೇಶದವಳಿಗೆ ಕನಸಾಗುತ್ತದೆ. ಇಷ್ಟು ನೋಡಿದ ಮೇಲೂ ನಮ್ಮ ಓಣಿಯ ಅಳತೆಯೇ ಜಗತ್ತಿನ ಅಳತೆ ಎಂದು ನನ್ನಿಂದ ಬರೆಸಿಕೊಳ್ಳಲು ಯಾರೂ ಬರಬೇಕಾಗಿಲ್ಲ.

ನನ್ನ ಮಾತು ಸಾಲದಿದ್ದರೆ ನೋಡಿದವರನ್ನು ಕೇಳಬಹುದು. ನನ್ನ ಹೆಂಡತಿ ಇದ್ದಾಳೆ. ಅವಳ ಹಿರಿಯ ತಂಗಿ ಬೆಟಗೇರಿಯಲ್ಲಿದ್ದಾಳೆ. ಕಿರಿಯವಳು ಈ ವರ್ಷ ತೀರಿಕೊಂಡಳು, ಅವಳನ್ನು ಸೇರಿಸುವುದಿಲ್ಲ. ಎದುರು ಮನೆಯ ನೇಕಾರರ ಹೆಂಗಸು ಅಲ್ಲೇ ಇದ್ದಾಳೆ. ಹಂದರದ ಸಾಬರು ಇದ್ದಾರೆ, ಅವರು ಏಣಿಯ ಮೇಲಿಂದ ಎಲ್ಲರಿಗಿಂತ ಚೆನ್ನಾಗಿ ನೋಡಿದ್ದಾರೆ. ಗೆಳತಿ ಮಸ್ಕತ್ತಿನಲ್ಲಿದ್ದಾಳೆ, ಮದುಮಕ್ಕಳೂ ಅಲ್ಲೇ ಇದ್ದಾರೆ. ಅಕ್ಕ ಲಕ್ಷ್ಮೇಶ್ವರದ ಮನೆಯಲ್ಲಿದ್ದಾಳೆ, ಮಗಳು ರಜೆಗೆ ಬರುವ ದಾರಿ ನೋಡುತ್ತಾಳೆ. ಅಡರಕಟ್ಟಿಯಲ್ಲಿ ನಮ್ಮ ಬೀಗತಿ ಇದ್ದಾಳೆ. ಕೇಳಿದರೆ ಏನೂ ನೆನಪಿಲ್ಲ ಎನ್ನಬಹುದು. ಆದರೆ ಆಕೆ ನೋಡಿದ್ದಾಳೆ.